ಹಳ್ಳದಿಂದ ಕಡಲಿಗೆ: ಒಂದು ವರ್ಷದ ನೀರಿನ ಪಾಠ

ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಹನ್ನೊಂದು ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಶಾಲೆಯ ಮೈದಾನದ ಬೇಲಿ ದಾಟಿ ಗದ್ದೆಯ ಬದುವಿನ ಮೇಲೆ ಆರೇಳು ನಿಮಿಷ ನಡೆದರೆ ಒಂದು ಹಳ್ಳ ಸಿಗುತ್ತದೆ. ಮಳೆಗಾಲ ಹಿಡಿದ ಕೂಡಲೇ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ‘ಯಾರೂ ಹಳ್ಳದ ಕಡೆ ಹೋಗಕೂಡದು’ ಎಂದು ಎಚ್ಚರಿಸುವುದನ್ನು ಬಿಟ್ಟರೆ, ಆ ಹಳ್ಳದ ಬಗ್ಗೆ ನಾನು ಮಕ್ಕಳ ಎದುರು ಮಾತೆತ್ತಿದವಳಲ್ಲ. ಜಲಚರಗಳ ಪಾಠ ಬಂದಾಗ ಪುಸ್ತಕದ ಚಿತ್ರವನ್ನೇ ಕಪ್ಪು ಹಲಗೆಯ ಮೇಲೆ ಬರೆದು, ಭಾಗಗಳನ್ನು ಗುರುತಿಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ಅದು ಬದಲಾದದ್ದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆಯಿಂದ. ಎಲ್ಲ ನದಿಗಳೂ ಕೊನೆಗೆ ಸಮುದ್ರ ಸೇರುತ್ತವೆ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಅವಳು ಎದ್ದು ನಿಂತು, “ಮೇಡಂ, ನಮ್ಮ ಹಳ್ಳದ ನೀರು ಯಾವ ಸಮುದ್ರಕ್ಕೆ ಹೋಗುತ್ತೆ?” ಎಂದು ಕೇಳಿದಳು. ತರಗತಿಯ ಮುಕ್ಕಾಲು ಪಾಲು ಮಕ್ಕಳು ಒಂದೇ ದನಿಯಲ್ಲಿ ಮಂಗಳೂರು ಎಂದರು. ಘಟ್ಟ ಇಳಿದರೆ ಸಮುದ್ರ, ನೀರು ಹರಿಯುವುದು ಇಳಿಜಾರಿಗೆ, ಆದ್ದರಿಂದ ಮಂಗಳೂರು ಎಂಬ ಅವರ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ. ಆದರೆ ನಮ್ಮ ಹಳ್ಳ ಸೇರುವುದು ಹೇಮಾವತಿಯನ್ನು. ಆ ಹೊಳೆಯೋ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಸೀಮೆಯಲ್ಲಿ ಹುಟ್ಟಿ, ಸಕಲೇಶಪುರ ಪಟ್ಟಣವನ್ನು ಹಾದು, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡಿಕೊಂಡು ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಬಿಸಿಲೆ ಘಟ್ಟದ ದಾರಿಯಲ್ಲಿ ಮಂಕನಹಳ್ಳಿಯ ಬಳಿ ‘ರಿಡ್ಜ್’ ಎಂದು ಕರೆಯುವ ಜಾಗವಿದೆ. ಅಲ್ಲಿ ಒಂದು ಮಗ್ಗುಲಿಗೆ ಬಿದ್ದ ಮಳೆ ಪೂರ್ವದ ಕಡಲಿಗೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಪಶ್ಚಿಮದ ಕಡಲಿಗೆ. ಇದನ್ನೆಲ್ಲ ನಕ್ಷೆಯಲ್ಲಿ ತೋರಿಸಿ ಮುಗಿಸಿದೆನೆಂದುಕೊಂಡಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಮತ್ತೆ ಎತ್ತಿನಹೊಳೆ ನೀರನ್ನ ಪೈಪಲ್ಲಿ ಈ ಕಡೆಗೆ ಎತ್ತುತಾರಲ್ಲ ಮೇಡಂ?” ಎಂದ. 2024ರ ಸೆಪ್ಟೆಂಬರ್‌ನಲ್ಲಿ ಆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ತಾಲ್ಲೂಕಿನಲ್ಲಿಯೇ. ಅರಬ್ಬೀ ಸಮುದ್ರಕ್ಕೆ ಹೋಗಬೇಕಿದ್ದ ನೀರನ್ನು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ತಿರುಗಿಸುವ ಕೆಲಸ ಅದು. ಪುಸ್ತಕಕ್ಕಿಂತ ಮುಂದೆ ಇರುವ ಮಕ್ಕಳನ್ನು ಪುಸ್ತಕದೊಳಗೇ ಕೂರಿಸುವುದು ಸರಿಯಲ್ಲವೆಂದು ಅಂದು ಅನ್ನಿಸಿತು.

ಅನುಮತಿಯ ಕಥೆಯನ್ನು ಬೇಗ ಮುಗಿಸುತ್ತೇನೆ. ಮಕ್ಕಳನ್ನು ನೀರಿನ ಬಳಿಗೆ ಕರೆದೊಯ್ಯಲು ಒಪ್ಪಿಗೆ ಕೋರಿ ಬರೆದ ಪತ್ರ ಮೇಲಿನ ಕಚೇರಿಯೊಂದರಲ್ಲಿ ಏಳು ವಾರ ಕುಳಿತಿತ್ತು. ಹೇಗೂ ಜೂನ್, ಜುಲೈ ತಿಂಗಳಲ್ಲಿ ನಮ್ಮ ಹಳ್ಳಕ್ಕೆ ದೊಡ್ಡವರೇ ಇಳಿಯುವುದಿಲ್ಲವಾದ್ದರಿಂದ ಆ ವಿಳಂಬದಿಂದ ನಷ್ಟವೇನೂ ಆಗಲಿಲ್ಲ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪೋಷಕರು ಕೇಳಿದ ಪ್ರಶ್ನೆಗಳು ಕಚೇರಿಯ ಪ್ರಶ್ನೆಗಳಿಗಿಂತ ಎಷ್ಟೋ ಉಪಯುಕ್ತವಾಗಿದ್ದವು. ಕಾಲಿನಲ್ಲಿ ಗಾಯವಿದ್ದ ಮಗು ಇಲಿಜ್ವರಕ್ಕೆ ಸಿಕ್ಕಿಕೊಂಡರೆ ಏನು ಗತಿ ಎಂದು ಒಬ್ಬ ತಾಯಿ ಕೇಳಿದರು. ಗಂ ಬೂಟಿನೊಳಗೆ ನೀರು ತುಂಬಿದರೆ ಕಾಲು ಎತ್ತಲಾಗದು, ಹಳೆಯ ಕ್ಯಾನ್ವಾಸ್ ಶೂ ಹಾಕಿಸಿ ಎಂದು ತೋಟದ ಮೇಸ್ತ್ರಿಯೊಬ್ಬರು ಹೇಳಿದರು. ಹೀಗೆ ಹುಟ್ಟಿದ ನಿಯಮಗಳು ಇವು: ಮೊಣಕಾಲು ಮೀರಿದ ನೀರಿಗೆ ಯಾರೂ ಇಳಿಯುವಂತಿಲ್ಲ, ಗಾಯವಿದ್ದವರು ದಡದಲ್ಲಿ ಕುಳಿತು ಬರೆದುಕೊಳ್ಳಬೇಕು, ಮೇಲೆ ಎಲ್ಲಾದರೂ ಗುಡುಗಿದ ಸದ್ದು ಕೇಳಿದರೆ ಹಿಡಿದದ್ದನ್ನು ಬಿಟ್ಟು ಮೇಲಕ್ಕೆ ಬರಬೇಕು. ಎಂಟು ಮತ್ತು ಒಂಬತ್ತನೇ ತರಗತಿಯಿಂದ ಹದಿನಾಲ್ಕು ಮಕ್ಕಳು ಸೇರಿದರು.

ಸಲಕರಣೆಗಳಿಗೆ ಹಣವಿರಲಿಲ್ಲ. ಹಳೆಯ ಸೊಳ್ಳೆಪರದೆಯನ್ನು ಒಬ್ಬ ಹುಡುಗಿಯ ತಾಯಿ ಚೀಲದಂತೆ ಹೊಲಿದುಕೊಟ್ಟರು. ಅದನ್ನು ಎರಡು ಬಿದಿರು ಗಳಗಳಿಗೆ ಕಟ್ಟಿ ಬಲೆ ಮಾಡಿದೆವು. ಹಿಡಿದ ಜೀವಿಗಳನ್ನು ಬೇರೆ ಬೇರೆ ಇಡಲು ಫ್ರಿಜ್ಜಿನ ಐಸ್ ಟ್ರೇ, ಎತ್ತಿಡಲು ಚಿತ್ರಕಲೆಯ ಕುಂಚ, ನೋಡಲು ಭೂತಕನ್ನಡಿ ಮತ್ತು ಕಾಗದವನ್ನು ಮಡಿಸಿ ಮಾಡುವ ಫೋಲ್ಡ್‌ಸ್ಕೋಪ್ ಸೂಕ್ಷ್ಮದರ್ಶಕ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ ಈ ಸಾಧನ ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ. ನೀರಿನ ತಿಳಿತನ ಅಳೆಯಲು ಒಂದು ಡಬರಿಯ ಮುಚ್ಚಳಕ್ಕೆ ನಾಲ್ಕು ಪಾಲು ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿದು, ನಡುವೆ ರಂಧ್ರ ಕೊರೆದು ಗುರುತು ಹಾಕಿದ ಹಗ್ಗ ಪೋಣಿಸಿದೆವು. 1865ರಲ್ಲಿ ಇಟಲಿಯ ಪಾದ್ರಿಯೂ ಖಗೋಳಜ್ಞರೂ ಆಗಿದ್ದ ಏಂಜೆಲೊ ಸೆಕ್ಕಿ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಬಿಟ್ಟು ನೋಡಿದ ತಟ್ಟೆಯ ವಂಶಸ್ಥ ಇದು. ಮುಚ್ಚಳ ಕಣ್ಣಿಗೆ ಮರೆಯಾಗುವ ಆಳವೇ ಅಳತೆ. ಆಗಸ್ಟಿನಲ್ಲಿ ಹೇಮಾವತಿಯ ಸೇತುವೆಯ ಮೇಲಿಂದ ಇಳಿಬಿಟ್ಟಾಗ ಮುಚ್ಚಳ ಒಂದು ಗೇಣು ಮುಳುಗುವಷ್ಟರಲ್ಲಿ ಕೆಂಪು ನೀರಿನಲ್ಲಿ ಕಾಣದಾಯಿತು.

ಸೆಪ್ಟೆಂಬರ್‌ನ ಒಂದು ಶನಿವಾರ, ಬೆಳಗಿನ ತರಗತಿ ಮುಗಿದ ಮೇಲೆ, ಮೊದಲ ಬಾರಿಗೆ ಹಳ್ಳಕ್ಕೆ ಇಳಿದೆವು. ಇಬ್ಬರು ಬಲೆಯನ್ನು ತಳಕ್ಕೆ ಒತ್ತಿ ಹಿಡಿಯುವುದು, ಮೂರನೆಯವರು ಅದರ ಮೇಲ್ಬದಿಯಲ್ಲಿ ನಿಂತು ಒಂದು ನಿಮಿಷ ಕಾಲಿನಿಂದ ಕಲ್ಲುಗಳನ್ನು ಕದಡುವುದು, ಕದಡಿದ್ದೆಲ್ಲ ಹರಿದು ಬಂದು ಬಲೆಯಲ್ಲಿ ನಿಲ್ಲುವುದು, ವಿಧಾನ ಇಷ್ಟೇ. ಬಲೆಯನ್ನು ಬಿಳಿ ತಟ್ಟೆಗೆ ಸುರಿದಾಗ ಮಕ್ಕಳ ಮುಖ ಬಾಡಿತು. ಕೊಳೆತ ಎಲೆ, ಕಡ್ಡಿ, ಮರಳು ಬಿಟ್ಟರೆ ಏನೂ ಇರಲಿಲ್ಲ. ಎರಡು ನಿಮಿಷ ಯಾರೂ ಮುಟ್ಟಬಾರದು ಎಂದೆ. ನೀರು ತಿಳಿಯಾಗುತ್ತ ಬಂದಂತೆ ಒಂದು ‘ಕಡ್ಡಿ’ ನಡೆಯತೊಡಗಿತು, ಮರಳಿನ ಕಣವೊಂದು ಬಾಲ ಬಡಿಯಿತು, ಆಮೇಲೆ ತಟ್ಟೆಯ ಅರ್ಧ ಭಾಗವೇ ಚಲಿಸುತ್ತಿರುವಂತೆ ಕಂಡಿತು.

ಮೇ ಫ್ಲೈ ಎಂಬ ಕೀಟದ ಮರಿಗೆ ಹೊಟ್ಟೆಯ ಎರಡು ಬದಿಗೂ ಎಲೆಯಂಥ ಕಿವಿರುಗಳಿರುತ್ತವೆ. ಭೂತಕನ್ನಡಿಯ ಕೆಳಗೆ ಅವು ಅಲೆಯಂತೆ ಮುಂದಿನಿಂದ ಹಿಂದಕ್ಕೆ ಬಡಿದುಕೊಳ್ಳುವುದನ್ನು ನಾನೂ ನೋಡಿದ್ದು ಅದೇ ಮೊದಲು. ಅದರ ಹಿಂಬದಿಯಲ್ಲಿ ಮೂರು ಎಳೆ, ಸ್ಟೋನ್ ಫ್ಲೈ ಮರಿಗೆ ಎರಡೇ ಎಳೆ. ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಒಗ್ಗದೆ ಮಕ್ಕಳೇ ‘ಮೂರ್ಬಾಲ’, ‘ಇಬ್ಬಾಲ’ ಎಂದು ಕರೆಯತೊಡಗಿದರು; ನೋಟ್‌ಬುಕ್ಕಿನಲ್ಲಿಯೂ ಆ ಹೆಸರುಗಳೇ ನಿಂತವು. ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಒಬ್ಬ ಹುಡುಗ ಅಕ್ಕಿಕಾಳಿನಷ್ಟು ದಪ್ಪದ, ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದ ಕೊಳವೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದ. ಸ್ವಲ್ಪ ಹೊತ್ತಿಗೆ ಅದರ ಬಾಯಿಯಿಂದ ಕಂದು ತಲೆ, ಆಮೇಲೆ ಆರು ಕಾಲು ಹೊರಬಂದವು. ಕ್ಯಾಡಿಸ್ ಫ್ಲೈ ಮರಿ ತನ್ನ ಬಾಯಿಂದ ಬರುವ ರೇಷ್ಮೆಯಂಥ ಎಳೆಯಿಂದ ಕಟ್ಟಿಕೊಳ್ಳುವ ಮನೆ ಅದು. “ನಮ್ಮಪ್ಪ ಗಾರೆ ಕೆಲಸದವರು ಮೇಡಂ, ಇಷ್ಟು ಸಾಪಾಗಿ ಅವರೂ ಕಟ್ಟಲ್ಲ” ಎಂದ. ತರಗತಿಯಲ್ಲಿ ಆ ಹುಡುಗನ ದನಿಯನ್ನು ನಾನು ಅದುವರೆಗೆ ಸರಿಯಾಗಿ ಕೇಳಿರಲೂ ಇಲ್ಲ.

ಈ ಹುಳುಗಳನ್ನು ಎಣಿಸುವುದಕ್ಕೊಂದು ಕಾರಣವಿದೆ. ಇಬ್ಬಾಲದಂಥವು ತಣ್ಣನೆಯ, ಆಮ್ಲಜನಕ ಹೆಚ್ಚಿರುವ ನೀರಿನಲ್ಲಿ ಮಾತ್ರ ಬದುಕುತ್ತವೆ. ಕೆಸರಿನ ಕೆಂಪು ಹುಳುಗಳು ರಕ್ತದಲ್ಲಿರುವ ಹಿಮೊಗ್ಲೋಬಿನ್ ನೆರವಿನಿಂದ ಉಸಿರುಗಟ್ಟುವ ನೀರಿನಲ್ಲಿಯೂ ಬದುಕುತ್ತವೆ. ಯಾವ ಕುಟುಂಬದ ಜೀವಿ ಸಿಕ್ಕಿತು ಎಂಬುದರ ಮೇಲೆ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಹೊಳೆಯ ಆರೋಗ್ಯ ಅಂದಾಜಿಸುವ ಪದ್ಧತಿಯೊಂದನ್ನು ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ರೂಪಿಸಲು ತೊಡಗಿದರು. ಅಲ್ಲಿನ ತೊರೆಗಳಿಗಾಗಿ ಮಾಡಿದ ಅಂಕಪಟ್ಟಿಯಿಂದ ಮಲೆನಾಡಿನ ಹಳ್ಳವನ್ನು ಪಾಸು, ಫೇಲು ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಒಂದು ಜಾಗವನ್ನು ಇನ್ನೊಂದರೊಂದಿಗೆ ಹೋಲಿಸುವುದಕ್ಕೆ ಮಾತ್ರ ಬಳಸಿದೆವು. ಮೀನಿನ ವಿಷಯಕ್ಕೆ ಒಬ್ಬ ಹುಡುಗನ ಅಜ್ಜನೇ ನಮಗೆ ಗ್ರಂಥ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿಬರುವ ಹತ್ತುಮೀನನ್ನು ಕೂಣಿ ಇಟ್ಟು ಹಿಡಿಯುತ್ತಿದ್ದ ಅವರು, ಮೀನು ಏರುವುದು ಮೊಟ್ಟೆಯಿಡುವುದಕ್ಕೆ ಎಂಬುದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ.

ಆಮ್ಲಜನಕವನ್ನು ಅಳೆಯಲು ಹೋಗಿ ನಾವು ಎಡವಿದ್ದನ್ನು ಬಿಡಿಸಿ ಹೇಳಬೇಕು. ಹಂಗೇರಿಯ ಲಾಯೊಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನವೇ ಈಗಲೂ ನಂಬಿಕೆಯದು. 300 ಮಿಲಿಲೀಟರಿನ ಗಾಜಿನ ಬಾಟಲಿಯಲ್ಲಿ ನೀರು ಹಿಡಿದು, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ದ್ರಾವಣ ಸೇರಿಸಿದರೆ, ನೀರಿನಲ್ಲಿ ಆಮ್ಲಜನಕವಿದ್ದಲ್ಲಿ ಕಂದು ಗಸಿ ಕಟ್ಟುತ್ತದೆ. ಅದಕ್ಕೆ ಆಮ್ಲ ಹಾಕಿದಾಗ ಗಸಿ ಕರಗಿ ಹಳದಿಯಾಗುತ್ತದೆ. ಕೊನೆಗೆ ಗಂಜಿಯನ್ನು ಸೂಚಕವಾಗಿಟ್ಟುಕೊಂಡು ನೀಲಿ ಬಣ್ಣ ಹೋಗುವವರೆಗೆ ಥಯೋಸಲ್ಫೇಟನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಪಕ್ಕದ ಊರಿನ ಕಾಲೇಜಿನ ಸ್ನೇಹಿತೆಯಿಂದ ಬಾಟಲಿ, ತೊಟ್ಟು ಬಿಡುವ ಅಳತೆಯ ಕೊಳವೆಯಾದ ಬ್ಯುರೆಟ್ಟು, ದ್ರಾವಣಗಳನ್ನು ಕಡ ತಂದಿದ್ದೆ. ಆಮ್ಲವನ್ನು ನಾನೇ ಹಾಕಿದೆ. ತೊಟ್ಟು ಎಣಿಸಿದ್ದು ಮಕ್ಕಳು.

ಮೊದಲ ದಿನದ ಉತ್ತರ ಲೀಟರಿಗೆ 9.4 ಮಿಲಿಗ್ರಾಂ. ಹಳ್ಳ ಎಷ್ಟು ಶುದ್ಧವಾಗಿದೆ ನೋಡಿ ಎಂದು ನಾನು ಹಿಗ್ಗಿದೆ. ಪ್ರಶ್ನೆ ಕೇಳಿದ್ದ ಅದೇ ಹುಡುಗಿ ಗೋಡೆಗೆ ಅಂಟಿಸಿದ್ದ ಕೋಷ್ಟಕದ ಎದುರು ನಿಂತು ಬಹಳ ಹೊತ್ತು ಬೆರಳು ಓಡಿಸಿದಳು. 21 ಡಿಗ್ರಿ ಉಷ್ಣತೆಯ ನೀರು ಸಮುದ್ರಮಟ್ಟದಲ್ಲಿ ಹಿಡಿದಿಟ್ಟುಕೊಳ್ಳುವುದು ಸುಮಾರು 8.9, ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಗಾಳಿಯ ಒತ್ತಡ ಕಡಿಮೆ, ಹಾಗಾಗಿ 8ರ ಆಸುಪಾಸು. “ಹಾಗಾದರೆ ನಮ್ಮದು ಹೇಗೆ ಒಂಬತ್ತು ದಾಟಿತು?” ನೆರಳಿನಲ್ಲಿ ಹರಿಯುವ, ಪಾಚಿಯೂ ಇಲ್ಲದ ಹಳ್ಳಕ್ಕೆ ಹೆಚ್ಚಿನ ಆಮ್ಲಜನಕ ಎಲ್ಲಿಂದ ಬರಬೇಕು? ಉತ್ತರ ಬಾಟಲಿಯ ಕುತ್ತಿಗೆಯಲ್ಲಿತ್ತು. ನೀರು ತುಂಬಿಸುವಾಗ ಮುಚ್ಚಳದ ಕೆಳಗೆ ಕಡಲೆಕಾಳಿಗಿಂತ ದೊಡ್ಡ ಗಾಳಿಗುಳ್ಳೆಯೊಂದು ಉಳಿದುಕೊಂಡು, ನಾವು ಹಳ್ಳದ ಆಮ್ಲಜನಕದ ಜೊತೆಗೆ ಆ ಗುಳ್ಳೆಯದನ್ನೂ ಅಳೆದಿದ್ದೆವು. ಮುಂದಿನ ವಾರ ಬಾಟಲಿಯನ್ನು ನೀರಿನೊಳಗೇ ಓರೆ ಮಾಡಿ ತುಂಬಿಸಿ, ಒಳಗೇ ಮುಚ್ಚಳ ಒತ್ತಿ, ತಲೆಕೆಳಗು ಮಾಡಿ ಗುಳ್ಳೆ ಇಲ್ಲವೆಂದು ಖಚಿತಪಡಿಸಿಕೊಂಡೆವು. ಮೂರು ಬಾರಿ ಅಳೆದಾಗಲೂ 7.5, 7.6ರ ಸುತ್ತಲೇ ಬಂತು. ಮೊದಲ ದಿನದ 9.4ನ್ನು ಹೊಡೆದುಹಾಕಲು ರಬ್ಬರ್ ಹುಡುಕುತ್ತಿದ್ದ ಹುಡುಗನನ್ನು ತಡೆದು, ಅದರ ಪಕ್ಕದಲ್ಲಿ ಕಾರಣ ಬರೆಯಲು ಹೇಳಿದೆ. ನನ್ನ ಹಿಗ್ಗಿನ ಬಗ್ಗೆಯೂ ಅವನು ಒಂದು ಸಾಲು ಸೇರಿಸಿದ್ದನ್ನು ನಾನು ನೋಡಿದ್ದು ಆಮೇಲೆ.

ಡಿಸೆಂಬರಿನ ಕೊನೆಗೆ ಕಾಫಿ ಕುಯ್ಲು ಬಿರುಸಾಯಿತು. ಹಣ್ಣಿನ ಸಿಪ್ಪೆ ತೆಗೆದು ಲೋಳೆ ತೊಳೆದ ಪಲ್ಪಿಂಗ್ ನೀರಿನಲ್ಲಿ ಸಕ್ಕರೆಯ ಅಂಶ ಹೇರಳ. ಅದು ನೇರವಾಗಿ ಹಳ್ಳಕ್ಕೆ ಬಿದ್ದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಬೆಳೆದು ನೀರಿನ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತವೆ. ಹೊಂಡ ತೋಡಿ ಸಂಸ್ಕರಿಸುವ ಬೆಳೆಗಾರರು ನಮ್ಮ ಸುತ್ತ ಇದ್ದಾರೆ, ಇಲ್ಲದವರೂ ಇದ್ದಾರೆ. ಒಂದು ತೋಟದ ಚರಂಡಿ ಬಂದು ಸೇರುವ ಜಾಗದ ಮೇಲೊಂದು, ಕೆಳಗೊಂದು ಬಾಟಲಿ ತುಂಬಿದೆವು. ಕೆಳಗಿನದಕ್ಕೆ ದ್ರಾವಣ ಹಾಕಿ ಮಕ್ಕಳು ಕಂದು ಬಣ್ಣಕ್ಕಾಗಿ ಕಾದರು. ಗಸಿ ಮಜ್ಜಿಗೆಯಂತೆ ಬಿಳಿಯಾಗಿಯೇ ಉಳಿಯಿತು. ಬಿಳಿ ಎಂದರೆ ಅಳೆಯಲು ಆಮ್ಲಜನಕವೇ ಇಲ್ಲ. ಬ್ಯುರೆಟ್ಟನ್ನು ಮುಟ್ಟುವ ಕೆಲಸವೂ ಉಳಿಯಲಿಲ್ಲ. ಆ ಜಾಗದ ಬಲೆಯನ್ನು ಸುರಿದ ತಟ್ಟೆಯಲ್ಲಿ ಕೆಂಪು ಹುಳುಗಳ ವಿನಾ ಏನೂ ಸಿಗಲಿಲ್ಲ, ಮರಳಿನ ಕೊಳವೆಗಳು ಇದ್ದವು, ಒಳಗೆ ಯಾರೂ ಇರಲಿಲ್ಲ.

ಹದಿನಾಲ್ವರಲ್ಲಿ ಮೂವರ ತಂದೆತಾಯಿ ದುಡಿಯುವುದು ಅದೇ ತೋಟದಲ್ಲಿ. ನೋಟ್‌ಬುಕ್ಕಿನಲ್ಲಿ ಜಾಗದ ಹೆಸರು ಬರೆಯಬೇಕೇ ಎಂದು ಅವರಲ್ಲೊಬ್ಬಳು ಕೇಳಿದಾಗ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಜೊತೆಗೆ ಇನ್ನೊಂದು ತೊಡಕು: ಚರಂಡಿಯ ಮೇಲಿನ ಬಾಟಲಿಯಲ್ಲಿಯೂ ಅಳತೆ 6.8ಕ್ಕೆ ಇಳಿದಿತ್ತು. ನೀರು ಆ ದಿನ 17 ಡಿಗ್ರಿಗೆ ತಣ್ಣಗಾಗಿತ್ತು; ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುವುದರಿಂದ ಸೆಪ್ಟೆಂಬರಿಗಿಂತ ಹೆಚ್ಚು ಬರಬೇಕಿತ್ತು. ಹರಿವು ಸೊರಗಿದ್ದರಿಂದಲೋ, ಎಲೆ ಉದುರಿ ಕೊಳೆಯುತ್ತಿದ್ದರಿಂದಲೋ, ಇನ್ನೂ ಮೇಲೆ ಬೇರೊಬ್ಬರ ಪಲ್ಪರ್ ಇದ್ದುದರಿಂದಲೋ, ನಮಗೆ ಗೊತ್ತಾಗಲಿಲ್ಲ. ನೋಟ್‌ಬುಕ್ಕಿನಲ್ಲಿ ಜಾಗವನ್ನು ‘ಕ’, ‘ಖ’ ಎಂದು ಗುರುತಿಸಿ, ಎರಡೂ ಅಳತೆಗಳನ್ನು ಬರೆದೆವು. ತೋಟದವರನ್ನು ನಾನೊಬ್ಬಳೇ ಕಂಡು ಮಾತಾಡಿದೆ. ಮುಂದಿನ ವರ್ಷ ಹೊಂಡ ತೋಡಿಸುತ್ತೇವೆ ಎಂದರು. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಕಳಿಸಿದ ವರದಿಯಲ್ಲಿಯೂ ‘ಖ’ ಎಂದಷ್ಟೇ ಇತ್ತು. ಅದು ವಿವೇಕವೋ ಅಂಜಿಕೆಯೋ ಎಂದು ಈಗಲೂ ನನಗೆ ನಿರ್ಧರಿಸಲಾಗಿಲ್ಲ.

ಜನವರಿಯಲ್ಲಿ, ಅಮಾವಾಸ್ಯೆಯ ಮರುದಿನ, ಕಡಲಿಗೆ ಹೊರಟೆವು. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತಿನ ದಿನಗಳಲ್ಲಿ ಸೂರ್ಯ ಮತ್ತು ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಬೆಳಗಿನ ಇಳಿತಕ್ಕೆ ಉಳ್ಳಾಲದ ಸೋಮೇಶ್ವರದ ಬಂಡೆಗಳ ಮೇಲೆ ಇರಬೇಕೆಂದು ಲೆಕ್ಕ ಹಾಕಿ ನಡುರಾತ್ರಿ ದಾಟಿದ ಮೇಲೆ ಬಸ್ಸು ಹತ್ತಿಸಿದ್ದೆ. ಶಿರಾಡಿ ಘಾಟಿಯ ತಿರುವೊಂದರಲ್ಲಿ ಲಾರಿ ಅಡ್ಡವಾಗಿ ನಿಂತು, ನನ್ನ ಲೆಕ್ಕವೆಲ್ಲ ಅಲ್ಲೇ ಕುಸಿಯಿತು. ಬೆಳಕು ಹರಿದ ಮೇಲೆ ಮಕ್ಕಳು ರಸ್ತೆಯ ಬದಿಯಿಂದ ಕೆಂಪುಹೊಳೆಯನ್ನು ನೋಡಿದರು. ಪಶ್ಚಿಮಕ್ಕೆ ಹರಿಯುವ ನೀರನ್ನು ಅವರಲ್ಲಿ ಹಲವರು ಗಮನವಿಟ್ಟು ನೋಡಿದ್ದು ಅದೇ ಮೊದಲು. ಕುಮಾರಧಾರೆಯೂ ನೇತ್ರಾವತಿಯೂ ಕೂಡುವ ಉಪ್ಪಿನಂಗಡಿಯಲ್ಲಿ ಇಳಿದು ಒಂದು ಬಾಟಲಿ ತುಂಬಿಸಿಕೊಂಡೆವು. ಸೋಮೇಶ್ವರ ತಲುಪಿದಾಗ ಗಂಟೆ ಹತ್ತು ಮೀರಿ, ನೀರು ಏರುತ್ತಿತ್ತು, ನಾವು ನೋಡಬೇಕಿದ್ದ ಬಂಡೆಗಳ ಮೇಲೆ ಅಲೆ ಒಡೆಯುತ್ತಿತ್ತು.

ಸಂಜೆಯ ಇಳಿತಕ್ಕೆ ಕಾಯುವುದಲ್ಲದೆ ಬೇರೆ ದಾರಿಯಿರಲಿಲ್ಲ. ಹೊತ್ತು ಕಳೆಯಲೆಂದು ಮಕ್ಕಳು ಅಲೆ ತಲುಪಿದ ಕೊನೆಯ ಗೆರೆಗೆ ಪ್ರತಿ ಕಾಲು ಗಂಟೆಗೊಮ್ಮೆ ಕಡ್ಡಿ ಊರತೊಡಗಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಕಡ್ಡಿಗಳು ಮುಂದೆ ಹೋಗದೆ ಒಂದೇ ಜಾಗದಲ್ಲಿ ಗುಂಪಾದವು, ಆಮೇಲೆ ಹಿಂದಕ್ಕೆ ಸರಿದವು. ನೀರು ಏರುವಾಗಲೂ ಇಳಿಯುವಾಗಲೂ ನಡುವಿನಲ್ಲಿ ವೇಗ, ತುದಿಗಳಲ್ಲಿ ನಿಧಾನ ಎಂಬುದು ಕಡ್ಡಿಗಳ ಅಂತರದಲ್ಲಿಯೇ ಕಾಣುತ್ತಿತ್ತು. ಸಂಜೆ ಐದರ ನಂತರ ಬಂಡೆಗಳು ಒಂದೊಂದಾಗಿ ತಲೆಯೆತ್ತಿದವು. ಎತ್ತರದ ಬಂಡೆಯಲ್ಲಿ ಚಿಕ್ಕ ಬಸವನಹುಳುಗಳು, ಅದರ ಕೆಳಗೆ ಸುಣ್ಣದ ಮೊಡವೆಗಳಂತೆ ಅಂಟಿಕೊಂಡ ಬಾರ್ನಕಲ್‌ಗಳು, ಇನ್ನೂ ಕೆಳಗೆ ಪಚ್ಚಿಲೆ ಎಂಬ ಚಿಪ್ಪುಜೀವಿಯ ಗೊಂಚಲು, ಗುಳಿಗಳಲ್ಲಿ ಉಳಿದ ನೀರಿನೊಳಗೆ ಖಾಲಿ ಶಂಖ ಹೊತ್ತ ಸನ್ಯಾಸಿ ಏಡಿ; ಯಾರು ಎಷ್ಟು ಹೊತ್ತು ಒಣಗಿರಬಲ್ಲರೋ ಅವರಿಗೆ ಅಷ್ಟು ಎತ್ತರದ ಜಾಗ. ಯಾವುದನ್ನೂ ಕೀಳಬಾರದು, ಮಗುಚಿದ ಕಲ್ಲನ್ನು ಹಾಗೆಯೇ ತಿರುಗಿ ಮಲಗಿಸಬೇಕು ಎಂಬ ಹಳ್ಳದ ನಿಯಮವನ್ನು ಇಲ್ಲಿ ನಾನು ನೆನಪಿಸಬೇಕಾಗಿ ಬರಲಿಲ್ಲ.

ಗಾರೆಯವರ ಮಗ ಒಂದು ಗುಳಿಯ ಮುಂದೆ ಬಗ್ಗಿ, “ಇಲ್ಲಿ ಮೂರ್ಬಾಲ ಯಾಕಿಲ್ಲ ಮೇಡಂ?” ಎಂದು ಕೇಳಿದ. ನೆಲದ ಮೇಲೆ, ಸಿಹಿನೀರಿನಲ್ಲಿ ಲಕ್ಷಾಂತರ ಬಗೆಯಿರುವ ಕೀಟಗಳು ಸಮುದ್ರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಹಳ್ಳದ ಮೇಲೆ ಜಾರುವ ಉದ್ದ ಕಾಲಿನ ನೀರುಹುಳುವಿನ ನೆಂಟನಾದ ಹ್ಯಾಲೊಬೇಟಿಸ್ ಮಾತ್ರ ತೆರೆದ ಕಡಲಿನ ಮೇಲ್ಮೈಯಲ್ಲಿ ಬದುಕುತ್ತದೆ ಎಂದೆ. ಇದನ್ನೇ ಓದಬೇಕಾದರೆ ಎಲ್ಲಿಗೆ ಸೇರಬೇಕು ಎಂದು ಇನ್ನೊಬ್ಬಳು ಕೇಳಿದಳು; 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು ಇದೇ ಮಂಗಳೂರಿನಲ್ಲಿದೆ ಎಂದು ತಿಳಿದಾಗ, ಇಷ್ಟು ಹತ್ತಿರವೇ ಎಂದು ಅವಳಿಗೆ ಆಶ್ಚರ್ಯ. ಹಿಂದಿರುಗುವ ಬಸ್ಸಿನಲ್ಲಿ ಪೈಪಿನ ಹುಡುಗ, ನಾವು ನೋಡಿ ಬಂದದ್ದು ನಮ್ಮ ಹಳ್ಳದ ಸಮುದ್ರ ಅಲ್ಲವಲ್ಲ ಎಂದು ಎಲ್ಲರಿಗೂ ಜ್ಞಾಪಿಸಿದ.

ಶಾಲೆಯಲ್ಲಿ ಮೂರು ಬಾಟಲಿಗಳಿಂದ ಒಂದೊಂದು ಲೀಟರ್ ನೀರನ್ನು ಬಿಸಿಯೂಟದ ಒಲೆಯ ಮೇಲೆ ಬತ್ತಿಸಿದೆವು. ಹಳ್ಳದ ನೀರು ಪಾತ್ರೆಯ ತಳದಲ್ಲಿ ಬಿಳಿಯ ಮಬ್ಬೊಂದನ್ನು ಬಿಟ್ಟಿತು, ಉಪ್ಪಿನಂಗಡಿಯದೂ ಹೆಚ್ಚುಕಡಿಮೆ ಅಷ್ಟೇ. ಕಡಲಿನ ನೀರಿನಿಂದ ಉಳಿದ ಉಪ್ಪನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ 38 ಗ್ರಾಂ ಬಂತು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಎಂದು ನಾನು ಹೇಳಿಕೊಟ್ಟಿದ್ದೆ. ಉಳಿದ 3 ಗ್ರಾಂ ಎಲ್ಲಿಂದ ಬಂತೆಂದು ವಾದ ನಡೆದು, ತಕ್ಕಡಿಯ ಮೇಲೂ ಒಲೆಯ ಬೂದಿಯ ಮೇಲೂ ಸಂಶಯ ಹೋಗಿ, ಯಾವುದೂ ತೀರ್ಮಾನವಾಗದೆ, ಉಪ್ಪನ್ನು ಕಾಗದದಲ್ಲಿ ಕಟ್ಟಿ, ಮೇಲೆ ‘38’ ಎಂದು ಬರೆದು ಪ್ರಯೋಗಾಲಯದ ಕಪಾಟಿನಲ್ಲಿಟ್ಟೆವು.

ಈ ಜೂನ್‌ನಲ್ಲಿ ಶಾಲೆ ತೆರೆದು ಎರಡು ವಾರ ಮಳೆ ಹಿಡಿದ ಮೇಲೆ ಕಪಾಟು ತೆಗೆದರೆ, ಪೊಟ್ಟಣ ಒದ್ದೆಯಾಗಿ ಕೆಳಗಿನ ಹಲಗೆಗೆ ನೀರು ತೊಟ್ಟಿಕ್ಕುತ್ತಿತ್ತು. ಈಗ ಹತ್ತನೇ ತರಗತಿಗೆ ಬಂದಿರುವ ಆ ಹುಡುಗಿ ಅದನ್ನು ಕಾಗದದ ಸಮೇತ ತೂಗಿ, ‘38’ರ ಕೆಳಗೆ ‘51’ ಎಂದು ಬರೆದು, ಅಡುಗೆಯವರನ್ನು ಕೇಳಿ ಉಪ್ಪನ್ನು ಬಾಣಲೆಗೆ ಹಾಕಿದಳು. ಈ ಸಲ ಅರ್ಧ ಗಂಟೆ ಹುರಿಯಬೇಕು ಮೇಡಂ, ಜನವರಿಯಲ್ಲಿ ನಾವು ಬೇಗ ಇಳಿಸಿಬಿಟ್ಟೆವು ಅನ್ನಿಸುತ್ತೆ ಎಂದಳು. ಹುರಿದು ತೂಗಿದಾಗ 36 ಇತ್ತು. ಅವಳು ಬಾಣಲೆಯನ್ನು ಮತ್ತೆ ಒಲೆಯ ಮೇಲಿಟ್ಟಳು.